ಎಲ್‌ಪಿ, ಕ್ಯಾಸೆಟ್ಟು, ಪೆನ್‌ಡ್ರೈವು, ಆ್ಯಪು: ಎಲ್ಲ ಕೇಳಿ ನೋಡಿದ ಮೇಲೂ ನನ್ನ ಓಟು ಸಿಡಿಗೆ

ಕೊನೆಯವರೆಗೆ ಕಾಯಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಾನು ಸಿಡಿ ಪಾರ್ಟಿ. ಹೋದ ವರ್ಷ ಮೈಸೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರಿಂದ ಹಳೇ ಸಿಡಿ ಪ್ಲೇಯರನ್ನು ಎರಡು ಸಾವಿರಕ್ಕೆ ತಂದೆ. ಜೊತೆಗೆ ಒಂದು ರಟ್ಟಿನ ಡಬ್ಬದ ತುಂಬ ಸಿಡಿ ಬಂತು. ಮುಕ್ಕಾಲು ಪಾಲು ಹಿಂದೂಸ್ತಾನಿ, ಉಳಿದದ್ದು ಭಾವಗೀತೆ, ದಾಸರ ಪದ. ‘ಇವನ್ನೂ ತಗೊಂಡು ಹೋಗಿ, ನಮ್ಮ ಹುಡುಗರಿಗೆ ಬೇಡವಂತೆ’ ಅಂದರು. ಇತ್ತೀಚೆಗೆ ನಾನು ಮಾಡಿದ ಖರೀದಿಗಳಲ್ಲಿ ಇಷ್ಟು ಲಾಭದ್ದು ಇನ್ನೊಂದಿಲ್ಲ.

ನನ್ನ ಕೇಳುವ ಅಭ್ಯಾಸ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ರಾತ್ರಿ ಊಟ ಆದ ಮೇಲೆ ಒಂದು ರಾಗವನ್ನು ಮೊದಲಿಂದ ಕೊನೆವರೆಗೆ ಕೇಳುವವನು ನಾನು. ಕಾರಿನಲ್ಲಿ ಹೆಚ್ಚಾಗಿ ಬಿಡಿ ಹಾಡು. ಅಪ್ಪ ತೀರ್ಥಹಳ್ಳಿಯಲ್ಲಿ ಕೂಡಿಟ್ಟ ಕ್ಯಾಸೆಟ್ಟುಗಳು ನನ್ನ ಹತ್ತಿರವೇ ಇವೆ. ಗೆಳೆಯನೊಬ್ಬ ಹೊರದೇಶಕ್ಕೆ ಹೋಗುವಾಗ ತನ್ನ ಎಲ್‌ಪಿ ಪ್ಲೇಯರು, ಅದರ ಮೇಲೆ ಹಾಕುವ ದೊಡ್ಡ ಕಪ್ಪು ಪ್ಲೇಟುಗಳ ಒಂದು ರಾಶಿ ನಮ್ಮಲ್ಲಿ ಬಿಟ್ಟುಹೋಗಿದ್ದ. ಹಾಗಾಗಿ ಎಲ್ಲವೂ ಒಂದೇ ಕೋಣೆಯಲ್ಲಿ, ಅದೇ ಆಂಪ್ಲಿಫೈಯರು, ಅದೇ ಸ್ಪೀಕರಿನಲ್ಲಿ ಹಾಡಿವೆ.

ಎಲ್‌ಪಿಯಿಂದ ಶುರು ಮಾಡೋಣ. ಎಲ್ಲರೂ ಈಗ ಅದರ ಹಿಂದೆಯೇ ಬಿದ್ದಿದ್ದಾರಲ್ಲ! ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ಎಲ್‌ಪಿ ಮಾರಾಟವಾಯಿತು, ಸಿಡಿ ಸುಮಾರು 3.3 ಕೋಟಿ. 1987ರಿಂದ ಈಚೆಗೆ ಸಂಖ್ಯೆಯಲ್ಲಿ ಎಲ್‌ಪಿ ಮುಂದೆ ಹೋದದ್ದು ಅದೇ ಮೊದಲು. ಸಿಡಿ ಸತ್ತಿತು ಅಂತ ಹೇಳುವವರೆಲ್ಲ ಈ ಲೆಕ್ಕ ತೋರಿಸುತ್ತಾರೆ. ಆದರೆ ಎಲ್‌ಪಿಯ ಈ ಎರಡನೇ ಜನ್ಮ ಎಷ್ಟು ಸಣ್ಣ ತಳಹದಿಯ ಮೇಲೆ ನಿಂತಿದೆ ನೋಡಿ. ಪ್ಲೇಟು ಒತ್ತುವ ಮೊದಲು ಗೀರು ಕೊರೆಯಲು ಲ್ಯಾಕರ್ ಲೇಪಿಸಿದ ಒಂದು ಮೂಲ ತಟ್ಟೆ ಬೇಕು. ಅದನ್ನು ಮಾಡುವ ದೊಡ್ಡ ಕಾರ್ಖಾನೆಗಳು ಪ್ರಪಂಚದಲ್ಲಿ ಇದ್ದದ್ದೇ ಎರಡು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಸುಟ್ಟುಹೋಯಿತು. ಉಳಿದದ್ದು ಜಪಾನಿನ ಒಂದು.

ಕೇಳಲು ಎಲ್‌ಪಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಪ್ಲೇಟನ್ನು ಎರಡು ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು ಇಡುವುದರಲ್ಲೇ ಒಂದು ಸುಖ ಇದೆ. ಹಿಂಬದಿಯ ಬರಹಕ್ಕಂತೂ ಸಿಡಿ ಸಾಟಿಯಲ್ಲ. ಹಳೇ ಎಚ್‌ಎಂವಿ ಕಂಪನಿಯ ಕವರುಗಳಲ್ಲಿ ರಾಗದ ಬಗ್ಗೆ, ಗಾಯಕರ ಘರಾಣೆಯ (ಗುರುಪರಂಪರೆಯ) ಬಗ್ಗೆ ಒಂದು ಪುಟದಷ್ಟು ಓದಲು ಸಿಗುತ್ತದೆ. ನಮ್ಮ ದೇಶದ ಸಿಡಿಗಳ ಒಳಗೆ ಎಷ್ಟೋ ಸಲ ಒಂದು ಮಡಿಕೆಯ ಕಾಗದ ಅಷ್ಟೇ.

ಆದರೆ ಒಂದು ಬದಿಗೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಮಲ್ಲಿಕಾರ್ಜುನ ಮನ್ಸೂರರಂಥವರು ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟಿನ ಕಾಲದಲ್ಲಿ ಮೂರು ಚಿಲ್ಲರೆ ನಿಮಿಷದಲ್ಲೇ ರಾಗ ಹಾಡಿ ಮುಗಿಸಿದವರು. ಅದಕ್ಕೆ ಹೋಲಿಸಿದರೆ 1948ರಲ್ಲಿ ಬಂದ ಎಲ್‌ಪಿ ದೊಡ್ಡ ವರವೇ. ಆದರೂ ವಿಲಂಬಿತ, ಅಂದರೆ ರಾಗದ ನಿಧಾನಗತಿಯ ಭಾಗ, ಈಗಷ್ಟೇ ಹದಕ್ಕೆ ಬಂತು ಅನ್ನುವಾಗ ಎದ್ದು ಹೋಗಿ ತಿರುವಿ ಹಾಕುವುದು ನನಗೆ ಆಗದು.

ದುಡ್ಡಿನ ಮಾತು ಬೇರೆ. ಹೊಸ ಎಲ್‌ಪಿ ಒಂದಕ್ಕೆ ಎರಡರಿಂದ ನಾಲ್ಕು ಸಾವಿರ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಇರುತ್ತದೆ. ಅದರ ಮುಳ್ಳು ಪ್ಲೇಟಿನ ಮೇಲೆ ಐದು ಗ್ರಾಂ ಆಸುಪಾಸಿನ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡು ಗ್ರಾಂ ಸಾಕು. ಅಂದರೆ ಅಗ್ಗದ ಪ್ಲೇಯರು ದುಬಾರಿ ಪ್ಲೇಟನ್ನು ಬೇಗ ಸವೆಸುತ್ತದೆ. ಮೇಲಿಂದ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಫೋನೊ ಪ್ರಿಆಂಪ್ ಬೇರೆ ಬೇಕು. ಪ್ಲೇಟು ಕೊರೆಯುವಾಗ ಮಂದ್ರದ ಸದ್ದನ್ನು ಕುಗ್ಗಿಸಿ, ತಾರದ ಸದ್ದನ್ನು ಹಿಗ್ಗಿಸಿರುತ್ತಾರೆ. ಅದನ್ನು ತಿರುಗಿ ಸರಿ ಮಾಡುವುದು ಈ ಪ್ರಿಆಂಪ್ ಕೆಲಸ. ಅದಿಲ್ಲದೆ ನೇರ ಆಂಪ್ಲಿಫೈಯರಿನ ಆಕ್ಸ್‌ ತೂತಿಗೆ ಚುಚ್ಚಿದರೆ ಪಂಡಿತರು ದೂರದ ತಗಡಿನ ಡಬ್ಬದೊಳಗಿಂದ ಹಾಡಿದಂತೆ ಸಣ್ಣಗೆ ಕೇಳುತ್ತದೆ.

ಕ್ಯಾಸೆಟ್ಟಿನ ಮೇಲೆ ನನಗೆ ಪ್ರೀತಿ ಇದೆ, ನಂಬಿಕೆ ಇಲ್ಲ. ಕನ್ನಡದ ಮಟ್ಟಿಗೆ ಅದರ ಋಣ ದೊಡ್ಡದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಅಲ್ಲಿಂದ ಮುಂದೆ ಭಾವಗೀತೆ ಮನೆಮನೆ ಸೇರಿದ್ದು ಕ್ಯಾಸೆಟ್ಟಿನ ಬೆನ್ನೇರಿ. ಆದರೆ ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟಿನ ಕಿಟಕಿಯಲ್ಲಿ ಒಮ್ಮೆ ಇಣುಕಿ ನೋಡಿ. ಟೇಪಿನ ಸುರುಳಿಯ ಅಂಚಿಗೆ ಬಿಳಿ ಪುಡಿ ಅಂಟಿರುತ್ತದೆ, ಬೂಷ್ಟು. ಹಾಗೇ ಹಾಕಿದರೆ ಅದು ಟೇಪ್ ಓದುವ ಹೆಡ್ಡಿಗೂ ಮೆತ್ತುತ್ತದೆ. ಡೆಕ್ಕಿನ ರಬ್ಬರ್ ಬೆಲ್ಟು ವರ್ಷಗಟ್ಟಲೆ ಸುಮ್ನೆ ಕೂತರೆ ಕರಗಿ ಡಾಂಬರಿನಂಥ ಅಂಟಾಗುತ್ತದೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಚಕ್ರದಿಂದ ಅದನ್ನು ಕೆರೆದು ತೆಗೆಯುವ ಹೊತ್ತಿಗೆ ಕೈ ಕಪ್ಪು, ಅಂಗಿ ಕಪ್ಪು, ಮನೆಯವರ ಮುಖವೂ ಕಪ್ಪು. ಅಪ್ಪನ ಕ್ಯಾಸೆಟ್ಟುಗಳನ್ನು ಒಂದು ಸಲ ಕಂಪ್ಯೂಟರಿಗೆ ಇಳಿಸಿಕೊಂಡೆ, ಮತ್ತೆ ಹಾಕಿಲ್ಲ.

ಈಗ ಪೆನ್‌ಡ್ರೈವಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು, ಯಾಕೆಂದರೆ ನನ್ನ ತಲೆ ಅತಿ ಹೆಚ್ಚು ಕೆಡಿಸಿದ್ದು ಇದೇ.

ಕಾಗದದ ಮೇಲೆ ಪೆನ್‌ಡ್ರೈವ್ ಎಲ್ಲರನ್ನೂ ಸೋಲಿಸುತ್ತದೆ. ಉಗುರಿನಷ್ಟು ಗಾತ್ರ, ಸಾವಿರಾರು ಹಾಡು, ಕಾರಿನಲ್ಲಿ ಚುಚ್ಚಿದರೆ ಆಯಿತು. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಫೈಲುಗಳು, ಸಿಡಿಯಿಂದ ಇಳಿಸಿದ ಫೈಲುಗಳು, ಎಲ್ಲಕ್ಕೂ ಚೆಂದವಾಗಿ ಕನ್ನಡದಲ್ಲೇ ಹೆಸರು ಹಾಕಿದೆ. ರಾಗ, ತಾಳ, ಹಾಡಿದವರು, ಕವಿ. ಸಂಜೆಗಳೇ ಹೋದವು ಅದಕ್ಕೆ. ಕಾರಿಗೆ ಚುಚ್ಚಿದರೆ ಪರದೆಯ ಮೇಲೆ ಸಾಲು ಸಾಲು ಚೌಕ! ಒಂದೇ ಒಂದು ಅಕ್ಷರ ಇಲ್ಲ. ಆ ಸ್ಟೀರಿಯೋದಲ್ಲಿ ಕನ್ನಡ ಫಾಂಟೇ ಇಲ್ಲ, ತೋರಿಸುವುದಾದರೂ ಏನನ್ನ? ಸರಿ, ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದೆ. ಬೇಂದ್ರೆ, ಕುವೆಂಪು, ಕೆಎಸ್‌ನ ಎಲ್ಲರೂ ರೋಮನ್ ಲಿಪಿಗೆ ಹೋದರು.

ಆಮೇಲೆ ಕ್ರಮದ ಗೋಳು. ಒಂದು ಆಲ್ಬಮ್ಮಿನಲ್ಲಿ ಮೊದಲು ವಿಲಂಬಿತ, ನಂತರ ವೇಗದ ದ್ರುತ್, ಕೊನೆಗೆ ಭಜನೆ. ಕಾರು ಮೊದಲು ಭಜನೆ ಹಾಡಿತು. ಹೆಸರಿನ ಮುಂದೆ 01, 02 ಹಾಕಿದರೂ ಅದೇ ಕಥೆ. ಹುಡುಕಿದಾಗ ಗುಟ್ಟು ಸಿಕ್ಕಿತು. ಬಹಳಷ್ಟು ಕಾರ್ ಸ್ಟೀರಿಯೋಗಳು ಫೈಲಿನ ಹೆಸರನ್ನೇ ನೋಡುವುದಿಲ್ಲ. ಪೆನ್‌ಡ್ರೈವಿನ ಪಟ್ಟಿಯಲ್ಲಿ ಯಾವ ಫೈಲು ಮೊದಲು ಬರೆಯಲ್ಪಟ್ಟಿತೋ ಅದನ್ನು ಮೊದಲು ಹಾಡುತ್ತವೆ. ವಿಂಡೋಸಿನಲ್ಲಿ ಒಂದಿಷ್ಟು ಫೈಲು ಒಟ್ಟಿಗೆ ಆರಿಸಿ ಎಳೆದು ಹಾಕುವಾಗ ನಾವು ಮೌಸಿನಲ್ಲಿ ಹಿಡಿದ ಫೈಲೇ ಮೊದಲು ಹೋಗುತ್ತದೆ. ಅಂದರೆ ಎಲ್ಲ ಆರಿಸಿದ ಮೇಲೆ ಒಂದನೇ ಫೈಲನ್ನೇ ಹಿಡಿದು ಎಳೆಯಬೇಕು. ಈ ವಿದ್ಯೆ ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ. ಹಾಗೆ ಮಾಡಿದರೂ ಮಧ್ಯೆ ಒಂದು ಹಾಡು ಅಳಿಸಿ ಇನ್ನೊಂದು ಸೇರಿಸಿದರೆ ಹೊಸತು ಹಳೆಯದರ ಜಾಗದಲ್ಲಿ ಹೋಗಿ ಕೂರುತ್ತದೆ, ಮತ್ತೆ ಕ್ರಮ ಕೆಡುತ್ತದೆ. ಪಟ್ಟಿಯನ್ನೇ ಸರಿಪಡಿಸಲು ಫ್ಯಾಟ್‌ಸಾರ್ಟ್ ಅನ್ನುವ ತಂತ್ರಾಂಶ ಇದೆ. ಹಾಡು ಕೇಳಲು ತಂತ್ರಾಂಶ ಓಡಿಸಬೇಕಾ ಅಂತ ನನ್ನ ಹೆಂಡತಿ ಕೇಳಿದಳು. ಉತ್ತರ ಹೌದು.

ಇಷ್ಟಾದ ಮೇಲೂ ಒಂದು ಬಾಕಿ. ಸಂಗೀತ ಕಛೇರಿಯ ಸಿಡಿಯಲ್ಲಿ ಟ್ರ್ಯಾಕುಗಳ ನಡುವೆ ಗುರುತು ಇರುತ್ತದೆ, ಬಿಡುವು ಇರಬೇಕೆಂದಿಲ್ಲ. ಸದ್ದು ನಿಲ್ಲದೆ ಹರಿಯುತ್ತದೆ. ಪೆನ್‌ಡ್ರೈವಿಗೆ ಹಾಕಿದ ಎಂಪಿ3 ಫೈಲು ಹಾಗಲ್ಲ. ಅದು ಸದ್ದನ್ನು ನಿಗದಿತ ಅಳತೆಯ ತುಂಡುಗಳಲ್ಲಿ ತುಂಬುವುದರಿಂದ ಫೈಲಿನ ಆದಿ ಅಂತ್ಯಗಳಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಒಳ್ಳೆಯ ಪ್ಲೇಯರು ಅದನ್ನು ಕತ್ತರಿಸಿ ಹಾಡುತ್ತದೆ, ನನ್ನ ಕಾರು ಕತ್ತರಿಸುವುದಿಲ್ಲ. ಹಾಗಾಗಿ ವಿಲಂಬಿತ ಮುಗಿದು ದ್ರುತ್ ಹಿಡಿಯುವ ಸರಿಯಾದ ಜಾಗದಲ್ಲಿ ತಂಬೂರಿ ಒಮ್ಮೆ ಬಿಕ್ಕಳಿಸುತ್ತದೆ. ಸಿನಿಮಾ ಹಾಡು ಕೇಳುವವರಿಗೆ ಇದು ತೊಂದರೆಯೇ ಅಲ್ಲ. ನನಗೆ ಒಮ್ಮೆ ಕೇಳಿಸಿದ ಮೇಲೆ ಪ್ರತಿ ಸಲ ಅದೇ ಜಾಗಕ್ಕೆ ಕಿವಿ ಹೋಗುತ್ತದೆ.

ಹಾಡು ಕೇಳುವ ಆ್ಯಪ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅನುಕೂಲ ಅಂದರೆ ಅದೇ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಅದನ್ನೇ ಕೇಳುವುದು, ಅವಳಿಗೆ ಸಿಡಿ ಕಥೆಯೇ ಬೇಡ. ಆದರೆ ಅಲ್ಲಿರುವ ಡೌನ್‌ಲೋಡ್ ಗುಂಡಿ ಒತ್ತಿದರೆ ಹಾಡು ನಮ್ಮದಾಗುವುದಿಲ್ಲ. ಚಂದಾ ನಿಂತರೆ ಅದೂ ನಿಲ್ಲುತ್ತದೆ. ಆ್ಯಪೇ ನಿಲ್ಲುವುದೂ ಉಂಟು. ಏರ್‌ಟೆಲ್‌ನವರ ವಿಂಕ್ ಮ್ಯೂಸಿಕ್ 2024ರಲ್ಲಿ ಬಾಗಿಲು ಹಾಕಿತಲ್ಲ. ನಿಜವಾದ ಡೌನ್‌ಲೋಡ್ ಅಂಗಡಿಯ ಕಥೆ ಬೇರೆ. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅಂತ ಎಂಪಿ3 ಅಂಗಡಿ ತೆರೆದು ಮರುವರ್ಷವೇ ಮುಚ್ಚಿತು. ಆದರೆ ಅಲ್ಲಿ ಕೊಂಡ ಫೈಲಿಗೆ ಬೀಗ ಇರಲಿಲ್ಲ. ಇಳಿಸಿ ಜೋಪಾನ ಮಾಡಿದವರ ಹತ್ತಿರ ಇವತ್ತಿಗೂ ಹಾಡುತ್ತದೆ. ಹಾಗಾಗಿ ಡೌನ್‌ಲೋಡ್ ಮೇಲೆ ನನಗೆ ಸಿಟ್ಟಿಲ್ಲ, ಬಾಡಿಗೆ ಡೌನ್‌ಲೋಡ್ ಮೇಲೆ ಮಾತ್ರ.

ಆ್ಯಪಿನಲ್ಲಿ ಮಾಹಿತಿ ಇನ್ನೊಂದು ತಲೆನೋವು. ತಬಲಾ ಯಾರದ್ದು, ಹಾರ್ಮೋನಿಯಂ ಯಾರದ್ದು, ಕವಿತೆ ಯಾರದ್ದು ಅಂತ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಒಬ್ಬರೇ ಗಾಯಕರಿಗೆ ಮೂರು ನಾಲ್ಕು ಸ್ಪೆಲಿಂಗು, ಅಷ್ಟೂ ಕಡೆ ಹಂಚಿಹೋದ ಹಾಡುಗಳು. ಹಿಂದೆ ಹೆಸರಿನ ಗೊಂದಲವೇ ಇರಲಿಲ್ಲ ಅಂತಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಎಚ್‌ಎಂವಿ ಪ್ಲೇಟುಗಳ ಮೇಲೆ ಹೆಸರು ‘ಗಾಂಧಾರಿ ಹಾನಗಲ್’ ಎಂದೇ ಇದೆ. ಆದರೆ ಆ ಪ್ಲೇಟು ಇನ್ನೂ ಯಾರದೋ ಕಪಾಟಿನಲ್ಲಿದೆ, ತೆಗೆದು ನೋಡಬಹುದು. ಆ್ಯಪಿನಲ್ಲಿ ನಿನ್ನೆ ಏನಿತ್ತು ಅನ್ನುವುದಕ್ಕೆ ಸಾಕ್ಷಿ ಇಲ್ಲ.

ಹಾಗಾದರೆ ಸಿಡಿಯಲ್ಲಿ ಕಿರಿಕಿರಿ ಇಲ್ವಾ? ಇದೆ. ನನ್ನ ಪ್ಲೇಯರಿನ ಟ್ರೇ ಬೆಲ್ಟು ಸಡಿಲ, ಚಳಿಗಾಲದ ಬೆಳಿಗ್ಗೆ ಗುಂಡಿ ಒತ್ತಿದರೆ ಟ್ರೇ ಯೋಚನೆ ಮಾಡಿ ಹೊರಗೆ ಬರುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ಯುಎಸ್‌ಬಿ ಡ್ರೈವಿಗೆ ಸಾವಿರದ ಮೇಲೆ ಕೊಡಬೇಕು. ಹೊಸ ಕನ್ನಡ ಹಾಡುಗಳು ಸಿಡಿಯಲ್ಲಿ ಬರುವುದೇ ಅಪರೂಪ.

ಆದರೂ ಲೆಕ್ಕ ಹಾಕಿ. ಹಳೇ ಸಿಡಿ ಐವತ್ತು ನೂರು ರೂಪಾಯಿಗೆ ಸಿಗುತ್ತದೆ. ಅದರ ಒಳಗೆ ಸೆಕೆಂಡಿಗೆ 44,100 ಸಲ ಅಳೆದಿಟ್ಟ ಸದ್ದು, ಏನೂ ಬಿಡದೆ. 1982ರಲ್ಲಿ ಬಂದ ಹಳೇ ತಂತ್ರಜ್ಞಾನವೇ ಇರಬಹುದು, ನನ್ನ ಕಿವಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಒಮ್ಮೆ ಕಂಪ್ಯೂಟರಿಗೆ ಫ್ಲ್ಯಾಕ್ ಅನ್ನುವ ಬಗೆಯ ಫೈಲಾಗಿ ಇಳಿಸಿಕೊಂಡರೆ ಗಂಟೆಗೆ ಸುಮಾರು 635 ಎಂಬಿ ಇದ್ದದ್ದು ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಸದ್ದು ಒಂದಿಷ್ಟೂ ಕಳೆಯುವುದಿಲ್ಲ. ಅಂದರೆ ಸಿಡಿ ಕೊಂಡವನಿಗೆ ಡೌನ್‌ಲೋಡ್ ಪುಕ್ಕಟೆ ಸಿಕ್ಕಂತೆ. ಮೂಲ ಕಪಾಟಿನಲ್ಲಿ, ನಕಲು ಕಾರಿನಲ್ಲಿ. ಎಪ್ಪತ್ನಾಲ್ಕು ನಿಮಿಷ ಏಳದೆ ಕೂತು ಕೇಳಬಹುದು. ಎಲ್‌ಪಿಯ ಎರಡೂ ಬದಿ ಒಂದೇ ಉಸಿರಿಗೆ.

ಮುಂದೇನು ಅಂತ ಕೇಳಿದರೆ, ಎಲ್‌ಪಿ ಉಳಿಯುತ್ತದೆ. ಗೋಡೆಗೆ ಚೆಂದ, ಉಡುಗೊರೆಗೆ ಚೆಂದ, ಮಾರುವವರಿಗೆ ಲಾಭ. ಸಿಡಿ ಜಪಾನಿನಲ್ಲಿ ಇನ್ನೂ ಅಂಗಡಿ ತುಂಬ ಇದೆ. ಕೊರಿಯಾದ ಬ್ಯಾಂಡುಗಳು ಒಳಗೆ ಫೋಟೊ ಕಾರ್ಡಿಟ್ಟು ರಾಶಿ ರಾಶಿ ಮಾರುತ್ತಿವೆ. ಕೊಂಡವರಲ್ಲಿ ಎಷ್ಟೋ ಜನಕ್ಕೆ ಕಾರ್ಡೇ ಮುಖ್ಯ. ನಮ್ಮಲ್ಲಿ ಹೊಸ ಸಿಡಿಗೆ ದೊಡ್ಡ ಭವಿಷ್ಯ ನನಗೆ ಕಾಣುತ್ತಿಲ್ಲ. ಹಳೇ ಸಿಡಿಗೆ ಮಾತ್ರ ಇದೇ ಒಳ್ಳೆಯ ಕಾಲ, ಯಾಕೆಂದರೆ ಯಾರಿಗೂ ಬೇಡ.

ನಿಮ್ಮ ಹತ್ತಿರ ದುಡ್ಡು, ಜಾಗ, ತಾಳ್ಮೆ ಮೂರೂ ಇದ್ದರೆ ಎಲ್‌ಪಿ ತಗೊಳ್ಳಿ, ನಾನು ತಡೆಯಲ್ಲ. ಕೆಲಸದ ಮಧ್ಯೆ ಏನೋ ಒಂದು ಹಾಡುತ್ತಿರಲಿ ಅನ್ನುವವರಿಗೆ ಆ್ಯಪ್ ಸಾಕು. ನನ್ನ ಹಾಗೆ ಕೂತು ಕೇಳುವ, ತಿಂಗಳಿಗೆ ಐನೂರು ರೂಪಾಯಿ ಮೀರದ ಆಸಾಮಿಗೆ ಹಳೇ ಸಿಡಿ. ಪ್ಲೇಯರ್ ಸಿಗದಿದ್ದರೆ ಅಟ್ಟದ ಮೇಲಿನ ಹಳೇ ಡಿವಿಡಿ ಪ್ಲೇಯರೇ ನಡೆಯುತ್ತದೆ.

ಕೊಳ್ಳುವಾಗ ಮೂರು ವಿಷಯ ನೋಡಿ. ಕವರಿನ ಮೇಲೆ ಎಂಪಿ3 ಅಂತಿದ್ದರೆ ಬಿಡಿ. ಒಂದೇ ಡಿಸ್ಕಿನಲ್ಲಿ ನೂರು ಹಾಡು ಅಂದರೆ ಹಿಂಡಿ ತುಂಬಿದ್ದು ಅಂತಲೇ ಅರ್ಥ. ಕೆಳಬದಿ ಹಸಿರು ಅಥವಾ ನೀಲಿ ಬಣ್ಣಕ್ಕಿದ್ದರೆ ಅದು ಮನೆಯ ಕಂಪ್ಯೂಟರಿನಲ್ಲಿ ಬರೆದ ನಕಲು, ಅಚ್ಚಾದ ಸಿಡಿ ಬೆಳ್ಳಿ ಬಣ್ಣಕ್ಕಿರುತ್ತದೆ. ಕೊನೆಯದಾಗಿ, ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ಸೂಜಿ ಚುಚ್ಚಿದಂಥ ತೂತು ಕಾಣುತ್ತದಾ ನೋಡಿ. ಕೆಳಬದಿಯ ಸಣ್ಣ ಗೀರಿಗೆ ಹೆದರಬೇಡಿ, ಎಷ್ಟೋ ಸಲ ಹಾಡುತ್ತದೆ. ಹೆಸರು ಅಚ್ಚಾದ ಮೇಲ್ಬದಿಯ ಗೀರಿಗೆ ಹೆದರಿ. ಸದ್ದು ಹೊತ್ತ ಅಲ್ಯೂಮಿನಿಯಂ ಪದರ ಆ ಅಚ್ಚಿನ ಕೆಳಗೇ ಇದೆ.