ಗದಗಿನ ಆಕಾಶಕ್ಕೆ ಹೊಂದದ ನಕ್ಷತ್ರ ಚಕ್ರ

ನಕ್ಷತ್ರ ಗುರುತಿಸಲು ಕಲಿಯುವವರಿಗೆ ಅಂತ ಆನ್‌ಲೈನಿನಲ್ಲಿ ಒಂದು ರಟ್ಟಿನ ಚಕ್ರ ಸಿಗುತ್ತಿದೆ. ಬೆಲೆ ಐನೂರರ ಆಸುಪಾಸು. ಮಾರುವವರ ಹೆಸರು ಬೇಡ, ಇಂಥದ್ದನ್ನೇ ಮಾರುವವರು ಬೇಕಾದಷ್ಟು ಜನ ಇದ್ದಾರೆ. ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಹಾಗಾಗಿ ಪಾರ್ಸೆಲ್ ಬಿಚ್ಚಿದ ಕೂಡಲೇ ನೋಡಿದ್ದು ರಟ್ಟನ್ನು, ಆಕಾಶ ಆಮೇಲೆ.

ರಟ್ಟು ಗಟ್ಟಿ ಇದೆ. ಮ್ಯಾಟ್ ಲ್ಯಾಮಿನೇಷನ್ ಮಾಡಿದ್ದಾರೆ, ಟಾರ್ಚ್ ಬಿಟ್ಟರೂ ಕಣ್ಣು ಕುಕ್ಕುವುದಿಲ್ಲ. ನಡುವಿನ ರಿವೆಟ್ ಬಿಗಿಯಾಗಿದೆ, ಚಕ್ರ ಅಲ್ಲಾಡದೆ ತಿರುಗುತ್ತದೆ. ಕಡು ನೀಲಿ ಬಣ್ಣದ ನಡುವೆ ಬಿಳಿ ಚುಕ್ಕೆ ಉಳಿಸುವುದು ಸುಲಭದ ಕೆಲಸ ಅಲ್ಲ. ಇಂಕು ಸ್ವಲ್ಪ ಜಾಸ್ತಿಯಾದರೆ ಸಣ್ಣ ಚುಕ್ಕೆಗಳು ಮುಚ್ಚಿಹೋಗುತ್ತವೆ. ಇಲ್ಲಿ ಒಂದೂ ಮುಚ್ಚಿಲ್ಲ. ಜಾಸ್ತಿ ಹೊಳೆಯುವ ನಕ್ಷತ್ರಕ್ಕೆ ದೊಡ್ಡ ಚುಕ್ಕೆ, ಮಂಕಾದದ್ದಕ್ಕೆ ಚಿಕ್ಕದು. ಕೆಲಸ ಬಲ್ಲವರೇ ಮಾಡಿದ್ದಾರೆ.

ಬಳಸುವುದೂ ಕಷ್ಟವಲ್ಲ. ತಾರೀಕನ್ನು ಗಂಟೆಗೆ ಹೊಂದಿಸಿದರೆ ಆ ಹೊತ್ತಿನ ಆಕಾಶ ಮೇಲಿನ ರಟ್ಟಿನ ಕಿಂಡಿಯಲ್ಲಿ ಬರುತ್ತದೆ. ಪೂರ್ವ, ಪಶ್ಚಿಮ ಅದಲುಬದಲಾಗಿವೆ ಅಂತ ಅನಿಸುತ್ತದೆ. ಚಕ್ರವನ್ನು ತಲೆ ಮೇಲೆ ಎತ್ತಿ ಹಿಡಿದು ಕೆಳಗಿನಿಂದ ನೋಡಿ, ಸರಿಹೋಗುತ್ತದೆ. ಕೈಪಿಡಿಯಲ್ಲಿ ಇಲ್ಲದ ಒಂದು ಮಾತು: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಗದಗ ಇರುವುದು 75.6ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಸುಮಾರು ಅರ್ಧ ಗಂಟೆ ವ್ಯತ್ಯಾಸ. ಗಡಿಯಾರದಲ್ಲಿ 8 ಆಗಿದ್ದರೆ ಚಕ್ರವನ್ನು ಏಳೂವರೆಗೆ ಇಡಿ.

ಗದಗಿನೊಳಗೆ ಬೀದಿ ದೀಪದ ಕಾಟ. ಅದಕ್ಕೆ ಲಕ್ಕುಂಡಿ ಕಡೆ ಇರುವ ಮಾವನವರ ಹೊಲಕ್ಕೆ ಒಯ್ದೆ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿಕೊಂಡಿದ್ದೆ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಬಿಟ್ಟರೆ ಅದೆಲ್ಲ ಮತ್ತೆ ಮೊದಲಿನಿಂದ.

ಮಾವನವರು ಚಕ್ರ ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಮಿರಗದ ಮಳಿ ಆಗೋ ಹೊತ್ತಿಗೆ ಮಿರಗದ ಚಿಕ್ಕಿ ಎಲ್ಲಿರ್ತದ ಅಳಿಯಂದ್ರ?" ಒಳ್ಳೇ ಪ್ರಶ್ನೆ. ಜೂನ್ 8ಕ್ಕೆ, ರಾತ್ರಿ 8 ಗಂಟೆಗೆ ಇಟ್ಟೆವು. ಮೃಗಶಿರಾ ಕಿಂಡಿಯಲ್ಲೇ ಇಲ್ಲ, ಪಶ್ಚಿಮದ ಅಂಚು ದಾಟಿ ಮುಳುಗಿದೆ. ಸೂರ್ಯ ಇರುವ ದಿಕ್ಕಿನಲ್ಲೇ ಇರುವ ನಕ್ಷತ್ರದ ಹೆಸರು ಮಳೆಗೆ ಬರುತ್ತದೆ. ಹಾಗಾಗಿ ಆ ದಿನಗಳಲ್ಲಿ ಅದು ರಾತ್ರಿ ಕಾಣುವುದೇ ಇಲ್ಲ. ಡಿಸೆಂಬರ್ ನಡುವಿಗೆ ತಿರುಗಿಸಿದರೆ ಅದೇ ಹೊತ್ತಿಗೆ ಪೂರ್ವದಲ್ಲಿ ಮೇಲೇರುತ್ತಿರುತ್ತದೆ. ಸಾಲಾಗಿ ನಿಂತ ಮೂರು ಚುಕ್ಕೆ ಮೊದಲು ಹಿಡಿಯಿರಿ. ಅವುಗಳ ಒಂದು ಪಕ್ಕಕ್ಕೆ ಕೆಂಪಗಿರುವುದು ಆರಿದ್ರಾ. ಸಾಲನ್ನೇ ಒಂದು ಕಡೆ ಉದ್ದ ಮಾಡಿದರೆ ರೋಹಿಣಿ, ಇನ್ನೊಂದು ಕಡೆ ಲುಬ್ಧಕ. ಮಾವನವರಿಗೆ ಹೆಸರೆಲ್ಲ ಗೊತ್ತಿದ್ದವು, ಆಕಾಶದಲ್ಲಿ ಅವುಗಳ ಜಾಗ ಈಗ ಗೊತ್ತಾಯಿತು. ಚಕ್ರಕ್ಕೆ ಕೊಟ್ಟ ದುಡ್ಡು ಅವತ್ತೇ ಮುಟ್ಟಿತು ಅನ್ನಬಹುದು.

ತಕರಾರು ಶುರುವಾಗಿದ್ದು ಉತ್ತರಕ್ಕೆ ತಿರುಗಿದಾಗ. ಚಕ್ರದ ಪ್ರಕಾರ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿರಬೇಕು. ಗದಗಿನಲ್ಲಿ ಅದು ಇರುವುದು ಬರೀ 15 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ. ಒಂದು ಬೇವಿನ ಮರ ಸಾಕು ಮರೆಯಾಗಲು. ಧ್ರುವ ನಕ್ಷತ್ರದ ಎತ್ತರ ಅಂದರೆ ಆ ಊರಿನ ಅಕ್ಷಾಂಶವೇ. ಡಬ್ಬಿಯ ಹಿಂದೆ, ಔಷಧಿ ಚೀಟಿಯಲ್ಲಿ ಇರುವಷ್ಟು ಸಣ್ಣ ಅಕ್ಷರದಲ್ಲಿ, ಇದು 40ರಿಂದ 50 ಡಿಗ್ರಿ ಉತ್ತರಕ್ಕೆ ಅಂತ ಬರೆದಿದೆ. ವೆಬ್‌ಸೈಟಿನಲ್ಲಿ ಇದರ ಸುದ್ದಿಯೇ ಇಲ್ಲ. ಕೇಳಿದರೆ ಮಾರಿದವರ ಉತ್ತರ: "ಇಡೀ ಭಾರತಕ್ಕೆ ನಡೆಯುತ್ತದೆ ಸರ್." ಕಾಶ್ಮೀರಕ್ಕೂ ನಡೆಯುವುದಿಲ್ಲ, ಅಲ್ವಾ?

ಈ ಚಕ್ರದಲ್ಲಿ ಸಪ್ತರ್ಷಿ ಮಂಡಲ ಮುಳುಗುವುದೇ ಇಲ್ಲ. ಇಲ್ಲಿ ನವೆಂಬರ್ ರಾತ್ರಿ 9ಕ್ಕೆ ಅದನ್ನು ಹುಡುಕಿದರೆ ಸುಮ್ನೆ ಕುತ್ತಿಗೆ ನೋವು. ಅದಕ್ಕಿಂತ ದೊಡ್ಡ ನಷ್ಟ ದಕ್ಷಿಣದಲ್ಲಿದೆ. ರಾತ್ರಿ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅತಿ ಹೆಚ್ಚು ಹೊಳೆಯುವ ನಕ್ಷತ್ರ ಅಗಸ್ತ್ಯ. ಫೆಬ್ರುವರಿಯಲ್ಲಿ ರಾತ್ರಿ 9ರ ಸುಮಾರಿಗೆ ದಕ್ಷಿಣಕ್ಕೆ, ಲುಬ್ಧಕದ ಕೆಳಗೆ, ಎರಡು ಮುಷ್ಟಿ ಎತ್ತರದಲ್ಲಿ ನಮ್ಮ ಹೊಲದಿಂದ ಚೆನ್ನಾಗಿ ಕಾಣುತ್ತದೆ. ಚಕ್ರದಲ್ಲಿ ಅದರ ಚುಕ್ಕೆಯೇ ಇಲ್ಲ! ಹೊಸಬರು ಇದನ್ನು ಗ್ರಹ ಅಂದುಕೊಳ್ಳುತ್ತಾರೆ. ಗ್ರಹಗಳು ಚಕ್ರದಲ್ಲಿ ಇಲ್ಲದಿರುವುದು ಸರಿ, ಅವು ಜಾಗ ಬದಲಿಸುತ್ತಿರುತ್ತವೆ. ಅಗಸ್ತ್ಯ ಎಲ್ಲಿಗೆ ಹೋಗುತ್ತದೆ?

ಈಗ ಉಚಿತವಾಗಿ ಸಿಗುವ ಸ್ಟೆಲ್ಲೇರಿಯಂ ಅನ್ನುವ ಆಕಾಶ ತೋರಿಸುವ ತಂತ್ರಾಂಶ ಬಳಸುತ್ತಿದ್ದೇನೆ. ಊರಿನ ಹೆಸರು ಕೊಟ್ಟರೆ ಅಕ್ಷಾಂಶ, ಸಮಯ ಎಲ್ಲ ಅದೇ ನೋಡಿಕೊಳ್ಳುತ್ತದೆ. ಪರದೆ ಕೆಂಪಾಗಿಸುವ ಸೌಲಭ್ಯವೂ ಇದೆ. ಫೋನಿನಲ್ಲಾದರೆ ಟ್ರ್ಯಾಕ್ಟರ್, ತಗಡಿನ ಶೆಡ್ಡಿನ ಹತ್ತಿರ ನಿಲ್ಲಬೇಡಿ, ದಿಕ್ಸೂಚಿ ಹಾದಿ ತಪ್ಪುತ್ತದೆ. ಆದರೂ ಕೈಯಲ್ಲಿ ತಿರುಗಿಸುವ ಚಕ್ರ ಕಲಿಸುವಷ್ಟು ಫೋನು ಕಲಿಸುವುದಿಲ್ಲ ಅಂತ ನನ್ನ ಅನಿಸಿಕೆ. ಕೊಳ್ಳುವವರು 10ರಿಂದ 20 ಡಿಗ್ರಿ ಉತ್ತರದ್ದೇ ಅಂತ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಂಡು ಕೊಳ್ಳಿ.

ಐದಕ್ಕೆ ಎರಡು ಕೊಡುತ್ತೇನೆ, ಎರಡೂ ಪ್ರೆಸ್ಸಿನವರಿಗೆ. ತಂಗಿಯ ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಅವನ ಕೈಗೆ ಕೊಟ್ಟು ಕಳಿಸುತ್ತೇನೆ, ಅಲ್ಲಿ ಸರಿಯಾಗಿ ಹೊಂದುತ್ತದೆ.