ನಮ್ಮ ಸೀರೆ ಅಂಗಡಿಯಲ್ಲಿ ಲೋಕಲ್‌ಸೆಂಡ್

ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಈಗ ಅರ್ಧ ವ್ಯಾಪಾರ ಫೋಟೋ ನೋಡಿಯೇ ಆಗುತ್ತದೆ. ಒಂದು ಸೀರೆ ಅಂದರೆ ಒಂದು ಫೋಟೋ ಅಲ್ಲ. ಒಡಲು ಬೇರೆ, ದಡಿ ಬೇರೆ, ಸೆರಗು ಬೇರೆ. ಗೋಮಿ ದಡಿಯ ನೇಯ್ಗೆ ಹತ್ತಿರದಿಂದ ಕಾಣಬೇಕು. ಟೋಪ್ ತೆನಿ ಸೆರಗಿನ ಕೆಂಪು ಕೆಂಪಾಗಿಯೇ ಬರಬೇಕು, ಇಲ್ಲದಿದ್ದರೆ ಸೀರೆ ವಾಪಸ್ ಬರುತ್ತದೆ. ಇದನ್ನೆಲ್ಲ ಫೋನಿನಲ್ಲಿ ತೆಗೆದು ಕಂಪ್ಯೂಟರ್‌ಗೆ ಹಾಕಿ ಬಣ್ಣ ತಿದ್ದುವುದು ನನ್ನ ಪಾಲಿನ ಕೆಲಸ. ಹಾಗಾಗಿ ಫೋನಿಂದ ಕಂಪ್ಯೂಟರ್‌ಗೆ ಫೈಲ್ ಸಾಗಿಸುವ ದಾರಿಗಳ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಅಭಿಪ್ರಾಯಗಳಿವೆ. ಈಗ ನಾನು ಹೆಚ್ಚಾಗಿ ಬಳಸುವುದು ಲೋಕಲ್‌ಸೆಂಡ್ ಎಂಬ ಆ್ಯಪ್.

ನಮ್ಮ ಬಜಾರಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ: ತಮಗೆ ತಾವೇ ವಾಟ್ಸಾಪ್ ಮಾಡಿಕೊಳ್ಳುವುದು. ಸುಲಭ, ನಿಜ. ಆದರೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಸಣ್ಣ ಚೌಕಡಿಯ ಸೀರೆಯನ್ನು ಹೀಗೆ ಕಳಿಸಿ ನೋಡಿ, ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೋಟೋವೇ ಹೋಗುತ್ತದೆ, 2 ಜಿಬಿ ತನಕದ ಫೈಲ್ ನಡೆಯುತ್ತದೆ. ಆದರೂ ಒಂದೇ ಟೇಬಲ್ ಮೇಲಿರುವ ಫೋನಿಂದ ಲ್ಯಾಪ್‌ಟಾಪ್‌ಗೆ ಬರಲು ಆ ಫೋಟೋ ಇಂಟರ್ನೆಟ್ ಹತ್ತಿ ಯಾವುದೋ ಸರ್ವರ್‌ಗೆ ಹೋಗಿ ಇಳಿದು ಬರಬೇಕು. ಯಾಕೆ ಬೇಕು ಈ ಸುತ್ತು?

ಲೋಕಲ್‌ಸೆಂಡ್‌ಗೆ ಈ ಸುತ್ತು ಇಲ್ಲ. ಫೋನ್, ಕಂಪ್ಯೂಟರ್ ಎರಡೂ ಒಂದೇ ವೈಫೈನಲ್ಲಿದ್ದರೆ ಸಾಕು, ಇಂಟರ್ನೆಟ್ ಬೇಡ. ಪುಕ್ಕಟೆ. ಜಾಹೀರಾತು ಇಲ್ಲ, ಲಾಗಿನ್ ಇಲ್ಲ. ಓಪನ್ ಸೋರ್ಸ್ ಬೇರೆ, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. 2020ರ ಜೂನ್‌ನಲ್ಲಿ ಸರ್ಕಾರ 59 ಆ್ಯಪ್ ನಿಷೇಧಿಸಿದಾಗ ಫೈಲ್ ಕಳಿಸುವ ಶೇರ್‌ಇಟ್, ಕ್ಸೆಂಡರ್ ಎರಡೂ ಹೋದವಲ್ಲ, ಆ ಜಾಗ ತುಂಬಲು ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯದು ಇಲ್ಲ.

ತೆರೆದ ಕೂಡಲೇ ಅದೇ ನಿಮ್ಮ ಫೋನಿಗೆ ಒಂದು ಹಣ್ಣಿನದೋ ತರಕಾರಿಯದೋ ಹೆಸರಿಡುತ್ತದೆ. ಮಕ್ಕಳಿಗೆ ಮಜಾ. ಅಂಗಡಿಯಲ್ಲಿ ನಾಲ್ಕು ಫೋನ್ ಇದ್ದರೆ ಯಾವ ಹಣ್ಣು ಯಾರದು ಅಂತ ಗೊತ್ತಾಗುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಿಸಿಕೊಳ್ಳಿ. ಆಮೇಲೆ ಫೋಟೋ ಆರಿಸಿ, ಕಂಪ್ಯೂಟರ್ ಹೆಸರು ಒತ್ತಿ, ಆ ಕಡೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ಇಡೀ ಫೋಲ್ಡರ್ ಕೂಡ ಕಳಿಸಬಹುದು. ಕ್ವಿಕ್ ಸೇವ್ ಆನ್ ಮಾಡಿದರೆ ಒಪ್ಪಿಗೆಯನ್ನೂ ಕೇಳುವುದಿಲ್ಲ. ಆದರೆ ಗಿರಾಕಿಗಳಿಗೂ ವೈಫೈ ಪಾಸ್‌ವರ್ಡ್ ಕೊಡುವ ಅಂಗಡಿಯವರು ಇದನ್ನು ಆಫ್‌ನಲ್ಲೇ ಇಡಿ. ಯಾರಾದರೂ ಏನಾದರೂ ತಂದು ಸುರಿಯಬಹುದು.

ಇನ್ನು ವೇಗದ ಮಾತು. ಇಲ್ಲಿ ಆ್ಯಪ್‌ಗಿಂತ ರೂಟರ್ ಮುಖ್ಯ. 2.4 ಗಿಗಾಹರ್ಟ್ಸ್ ವೈಫೈ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ಜೋರಾಗಿ ಓಡುತ್ತದೆ, ಆದರೆ ಗೋಡೆ ಅಡ್ಡ ಬಂದರೆ ಸೊರಗುತ್ತದೆ. ನಮ್ಮ ಹಿಂದಿನ ಕೋಣೆಯ ದಪ್ಪ ಕಲ್ಲಿನ ಗೋಡೆ ದಾಟಿ ಅದು ಬರುವುದೇ ಇಲ್ಲ, ಹಾಗಾಗಿ ಫೋಟೋ ಕಳಿಸುವ ಹೊತ್ತಿಗೆ ನಾನೇ ಮುಂದೆ ಬಂದು ಕೂರುತ್ತೇನೆ. ಕಂಪ್ಯೂಟರನ್ನು ಲ್ಯಾನ್ ವೈರಿನಿಂದ ರೂಟರ್‌ಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಆಗ ಫೈಲ್ ಒಂದು ಸಲ ಮಾತ್ರ ಗಾಳಿಯಲ್ಲಿ ಹೋಗುತ್ತದೆ. ಆದರೆ ಅಗ್ಗದ ರೂಟರ್‌ಗಳಲ್ಲಿ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದೇ ಇರುತ್ತದೆ. ಅದು ಮೆಗಾಬಿಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್. ಎಂಟರಿಂದ ಭಾಗಿಸಿ, ಸೆಕೆಂಡಿಗೆ 12.5 ಎಂಬಿ ದಾಟುವುದಿಲ್ಲ.

ಕರೆಂಟ್ ಹೋಗಿ ರೂಟರ್ ಆರಿತಾ? ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ. ಫೈಲ್ ಅವೆರಡರ ನಡುವೆಯೇ ಓಡುವುದರಿಂದ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಲ್ಯಾಪ್‌ಟಾಪ್ ಅದೇ ಹೊತ್ತಿಗೆ ತನ್ನ ಅಪ್‌ಡೇಟ್ ಶುರು ಮಾಡದಂತೆ ಮಾತ್ರ ನೋಡಿಕೊಳ್ಳಿ.

ತಕರಾರೂ ಇದೆ. ಕೆಲವೊಮ್ಮೆ ಎರಡೂ ಒಂದೇ ವೈಫೈನಲ್ಲಿದ್ದರೂ ಒಂದಕ್ಕೊಂದು ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್ ಪಬ್ಲಿಕ್ ಅಂತ ಇದ್ದರೆ ಪ್ರೈವೇಟ್ ಮಾಡಿ. ಆದರೂ ಕಾಣದಿದ್ದರೆ ರೂಟರ್‌ನಲ್ಲಿ ಎಪಿ ಐಸೋಲೇಷನ್ (ಒಂದೇ ವೈಫೈನಲ್ಲಿರುವ ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆಯುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಲಾಡ್ಜ್‌ಗಳ ವೈಫೈನಲ್ಲಿ ಸಾಮಾನ್ಯವಾಗಿ ಅದು ಆನ್ ಇರುತ್ತದೆ, ಅಲ್ಲಿ ಹಾಟ್‌ಸ್ಪಾಟೇ ಗತಿ. ಐಫೋನ್‌ನಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿರಬೇಕು. ದೊಡ್ಡ ವಿಡಿಯೋ ಹೋಗುವಾಗ ಆ್ಯಪ್ ಮುಚ್ಚಬೇಡಿ, ನಡುವೆ ಕಡಿದರೆ ಆ ಫೈಲ್ ಮೊದಲಿಂದ ಕಳಿಸಬೇಕು.

ಹಾಗಾದರೆ ಕೇಬಲ್ ಬಿಸಾಡಬಹುದಾ? ಬೇಡ. ಆದರೆ ಟೈಪ್-ಸಿ ಅಂದ ಮಾತ್ರಕ್ಕೆ ವೇಗ ಅಂದುಕೊಳ್ಳಬೇಡಿ. ಎಷ್ಟೋ ಫೋನ್‌ಗಳ ಟೈಪ್-ಸಿ ಒಳಗೆ ಇರುವುದು ಹಳೆಯ ಯುಎಸ್‌ಬಿ 2.0, ಲೆಕ್ಕಕ್ಕೆ 480 ಎಂಬಿಪಿಎಸ್. ದುಬಾರಿ ಐಫೋನ್ 15ರಲ್ಲೂ ಅಷ್ಟೇ, 15 ಪ್ರೊದಲ್ಲಿ ಮಾತ್ರ ಯುಎಸ್‌ಬಿ 3. ಚಾರ್ಜರ್ ಜೊತೆ ಬರುವ ಕೇಬಲ್ಲೂ ಹೆಚ್ಚಾಗಿ 2.0ನದೇ. ಮೇಲಾಗಿ ಆಂಡ್ರಾಯ್ಡ್ ಕೇಬಲ್‌ನಲ್ಲಿ ಫೈಲ್ ಕೊಡುವುದು ಎಂಟಿಪಿ ಎಂಬ ಪದ್ಧತಿಯಲ್ಲಿ. ಅದು ಪೆನ್‌ಡ್ರೈವ್ ಥರ ಅಲ್ಲ, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಸಾವಿರಾರು ಫೋಟೋ ಇರುವ ಕ್ಯಾಮೆರಾ ಫೋಲ್ಡರ್ ತೆರೆದರೆ ಆ ಹಸಿರು ಪಟ್ಟಿ ತೆವಳುವುದನ್ನು ನೋಡುತ್ತಾ ಒಂದು ಚಹಾ ಕುಡಿದು ಬರಬಹುದು. ಮಗ್ಗದ ಮೇಲೆ ಕೊಂಡಿ ಹಾಕುವ (ಒಡಲಿನ ಎಳೆಗೆ ಸೆರಗಿನ ಎಳೆ ಜೋಡಿಸುವ) ಉದ್ದುದ್ದ ವಿಡಿಯೋ ಒಂದೆರಡು ಫೈಲ್ ಇದ್ದರೆ ನಾನು ಈಗಲೂ ಕೇಬಲ್ಲೇ ಹಾಕುತ್ತೇನೆ. ನೂರಾರು ಫೋಟೋ ಇದ್ದರೆ ಲೋಕಲ್‌ಸೆಂಡ್.

ಹೀಗೇ ಫೈಲ್ ಕಳಿಸುವ ಗೂಗಲ್‌ನ ಕ್ವಿಕ್ ಶೇರ್ ಕೂಡ ವಿಂಡೋಸ್‌ಗೆ ಇದೆ. ಮನೆಯಲ್ಲಿ ಬರೀ ಆಂಡ್ರಾಯ್ಡ್, ವಿಂಡೋಸ್ ಇದ್ದರೆ ಅದೂ ಚೆನ್ನಾಗಿದೆ. ನಮ್ಮ ಲೆಕ್ಕ ಬರೆಯುವ ಹಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇದೆ, ತಂಗಿ ಹತ್ತಿರ ಐಫೋನ್. ನಮಗೆ ಅದು ಹೊಂದಲಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು, ಮೊದಲ ದಿನ ಎರಡು ಸಾಧನ ಒಂದಕ್ಕೊಂದು ಕಾಣದಿದ್ದಾಗ ಯಾಕೆ ಅಂತ ಮಾಮೂಲಿ ಜನಕ್ಕೆ ತಿಳಿಯುವುದು ಕಷ್ಟ, ಅದಕ್ಕೆ. ಫೋನಿಗೆ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ, ಕಂಪ್ಯೂಟರ್‌ಗೆ ಲೋಕಲ್‌ಸೆಂಡ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ.