ಶಹಾಬಾದಿ, ಟೈಲ್ಸ್, ರೆಡ್ ಆಕ್ಸೈಡ್: ಮೂರರ ಮೇಲೂ ವರ್ಷಗಟ್ಟಲೆ ನಡೆದು ನೋಡಿದ ಮೇಲೆ

ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ವರ್ಷ ಒಂದು ನವಲಗುಂದದ ಜಮಖಾನೆ ಹಾಸಿಯೇ ಇತ್ತು. ಪಗಡೆ ಹಾಸಿನ ಚಿತ್ತಾರದ್ದು. ಬಂದವರೆಲ್ಲ ಚೆಂದ ಇದೆ ಅನ್ನುತ್ತಿದ್ದರು. ಸದ್ಯ, ಯಾರೂ ಅದನ್ನು ಎತ್ತಿ ನೋಡಲಿಲ್ಲ. ಕೆಳಗಿನ ಹಳೇ ಸಿಮೆಂಟ್ ನೆಲ ನಡುವೆ ಉಬ್ಬಿತ್ತು. ಮುಂಬಾಗಿಲಿನಿಂದ ದೇವರಮನೆ ತನಕ ಒಂದೇ ಬಿರುಕು, ಕಿರುಬೆರಳು ಇಳಿಯುವಷ್ಟು ಅಗಲ. ಕಸ ಗುಡಿಸಿದರೆ ಅರ್ಧ ಕಸ ಮೊರದಲ್ಲಿ ಬರುತ್ತಿತ್ತು, ಅರ್ಧ ಬಿರುಕಿಗೆ ಹೋಗುತ್ತಿತ್ತು.

2015ರಲ್ಲಿ ಇಡೀ ಮನೆಯ ನೆಲ ಬದಲಿಸೋಣ ಎಂದು ಶುರು ಮಾಡಿದ್ದೆವು. "ಈ ದೀಪಾವಳಿಗೆ ಮುಗಿಸಿಬಿಡೂಣು" ಎಂದರು ನಮ್ಮವರು. ಆ ವರ್ಷ ವರಾಂಡಕ್ಕೆ ಶಹಾಬಾದಿ ಕಲ್ಲು ಬಂತು. ಆಮೇಲೆ ದುಡ್ಡು ಮುಗಿಯಿತು. 2018ರಲ್ಲಿ ಅಡುಗೆಮನೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. 2019ರಲ್ಲಿ ನನ್ನ ಹಟಕ್ಕೆ ಮಲಗುವ ಕೋಣೆಗೆ ರೆಡ್ ಆಕ್ಸೈಡ್, ಅಂದರೆ ಕೆಂಪು ಪುಡಿ ಬೆರೆಸಿದ ಸಿಮೆಂಟ್ ನೆಲ. ಇನ್ನು ಪಡಸಾಲೆ ಒಂದೇ ಉಳಿದಿದ್ದು ಎನ್ನುವಾಗ ಕೊರೊನಾ, ಅದರ ಹಿಂದೆ ಮಗಳ ಕಾಲೇಜು. ಜಮಖಾನೆ ಇತ್ತಲ್ಲ, ಅವಸರವೂ ಇರಲಿಲ್ಲ.

ಈ ತಡದಿಂದ ಒಂದು ಉಪಕಾರವಾಯಿತು. ಒಂದೇ ಮನೆಯಲ್ಲಿ, ಒಂದೇ ಮಣ್ಣಿನ ಮೇಲೆ ಮೂರು ಬಗೆಯ ನೆಲ. ಮೂರರ ಮೇಲೂ ನಡೆದಿದ್ದೇವೆ, ಒರೆಸಿದ್ದೇವೆ, ಎಣ್ಣೆ ಚೆಲ್ಲಿದ್ದೇವೆ. ಅಂಗಡಿಯಲ್ಲಿ ತೋರಿಸುವ ತುಂಡು ನೋಡಿ ಹೇಳುವ ಮಾತಲ್ಲ ಇದು.

ಮೊದಲು ನನ್ನ ಪಕ್ಷಪಾತ ಒಪ್ಪಿಕೊಂಡುಬಿಡುತ್ತೇನೆ. ನನ್ನ ತವರು ಶಿವಮೊಗ್ಗದ ಕಡೆ. ಅಲ್ಲಿನ ಮನೆಯ ನೆಲ ಕೆಂಪು. ಅಜ್ಜಿ ಕೊಬ್ಬರಿ ಎಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ ಉಜ್ಜಿ ಉಜ್ಜಿ, ಮುಖ ಕಾಣುವ ಹಾಗೆ ಮಾಡಿಟ್ಟಿದ್ದರು. ಬೇಸಿಗೆ ರಜೆಯಲ್ಲಿ ಹೊಟ್ಟೆ ಕೆಳಗೆ ಮಾಡಿ ಮಲಗಿದರೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಗದಗಿನ ಏಪ್ರಿಲ್ ಕಂಡ ಮೇಲಂತೂ ಆ ನೆಲ ಬೇಕೇಬೇಕು ಅನ್ನಿಸಿತ್ತು.

ಆದರೆ ಇಲ್ಲಿ ಆ ಕೆಲಸ ಬಲ್ಲ ಗೌಂಡಿ ನಮಗೆ ಸಿಗಲಿಲ್ಲ. ಕೊನೆಗೆ ಅಪ್ಪ ಊರಿನಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕಳಿಸಿದರು. ಅವರ ಕೆಲಸ ನೋಡುವುದೇ ಒಂದು ಸೊಗಸು. ಕೆಂಪು ಪುಡಿಯನ್ನೂ ಸಿಮೆಂಟನ್ನೂ ಒಣದಾಗಿಯೇ ಜರಡಿ ಹಿಡಿದು, ಇಡೀ ಕೋಣೆಗೆ ಬೇಕಾದಷ್ಟನ್ನು ಒಮ್ಮೆಲೇ ಬೆರೆಸಿಟ್ಟುಕೊಂಡರು. ಎರಡು ಸಲ ಬೆರೆಸಿದರೆ ಎರಡು ಬಣ್ಣ ಬರುತ್ತದಂತೆ. ಬೆಳಿಗ್ಗೆ ಏಳಕ್ಕೆ ಕೂತವರು ಸಂಜೆ ತನಕ ಕರಣೆ ಕೆಳಗಿಡಲಿಲ್ಲ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ನಿಂತುಬಿಡುತ್ತದೆ. ಊಟಕ್ಕೆ ಕರೆದರೆ ಕೈಸನ್ನೆಯಲ್ಲೇ ಬೇಡ ಅಂದರು. ಮಾರನೇ ದಿನದಿಂದ ಹತ್ತು ದಿನ ನೀರು ಕಟ್ಟಿದೆವು. ಬಾಗಿಲಿಗೆ ಮಣ್ಣಿನ ಒಡ್ಡು ಹಾಕಿ, ಕೋಣೆಯೇ ಒಂದು ಸಣ್ಣ ಕೆರೆ. ನೀರು ತೆಗೆದಾಗ ಮೇಲೆ ಸುಣ್ಣದಂಥ ಬಿಳಿ ಮಸುಕು ಕೂತಿತ್ತು. ನನಗೆ ಅಳುವೇ ಬಂತು. ಎಣ್ಣೆ ಹಾಕಿ ತಿಂಗಳುಗಟ್ಟಲೆ ಉಜ್ಜಿದ ಮೇಲೆ ಒಳಗಿನ ಕೆಂಪು ಹೊರಗೆ ಬಂತು.

ಖರ್ಚು ಎಷ್ಟು? ಪುಡಿ, ಸಿಮೆಂಟು ಅಗ್ಗ. ದುಬಾರಿಯಾಗಿದ್ದು ಕೈ. ಮೇಸ್ತ್ರಿಯ ಕೂಲಿ, ಬಸ್ ಚಾರ್ಜು, ಆರು ದಿನದ ಊಟ ವಸತಿ ಎಲ್ಲ ಸೇರಿ ಟೈಲ್ಸಿಗಿಂತ ಜಾಸ್ತಿಯೇ ಆಯಿತು.

ಅಡುಗೆಮನೆಯ ಟೈಲ್ಸ್ ಬಗ್ಗೆ ಇಷ್ಟು ಹೇಳುವುದಿಲ್ಲ. ಎರಡು ಅಡಿಗೆ ಎರಡು ಅಡಿಯ ಹಾಲುಬಣ್ಣದ ಟೈಲ್ಸು. ಮೂರೇ ದಿನದಲ್ಲಿ ಕೆಲಸ ಮುಗಿಯಿತು, ನಾಲ್ಕನೇ ದಿನ ರೊಟ್ಟಿ ಬಡಿದೆ. ಮೊದಲ ವರ್ಷ ಅದರಷ್ಟು ಸುಖ ಯಾವ ನೆಲವೂ ಕೊಡಲಿಲ್ಲ. ಒಂದು ಒರೆಸಿಗೆ ಎಲ್ಲ ಹೋಗುತ್ತಿತ್ತು. ಆಮೇಲೆ ಸಂದಿಗಳು ಕಪ್ಪಗಾದವು. ಒಲೆ ಮುಂದಿನ ಸಂದಿಗಳಂತೂ ಅರಿಸಿನ, ಎಣ್ಣೆ, ಮಸಾಲೆ ಖಾರ ಎಲ್ಲವನ್ನೂ ಕುಡಿದು ಕೂತವು. ಸಂದಿಗೆ ಕಲೆ ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನೀರು ಬಿದ್ದರೆ ಜಾರುವುದು ಬೇರೆ. ಅತ್ತೆ ಅಡುಗೆಮನೆ ಹೊಸ್ತಿಲು ದಾಟುವಾಗ ಇವತ್ತಿಗೂ ಗೋಡೆ ಹಿಡಿಯುತ್ತಾರೆ.

ವರಾಂಡದ ಶಹಾಬಾದಿಯನ್ನು ಆಗ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಸುಣ್ಣದ ಕಲ್ಲು. ವಾಡಿ, ಸೇಡಂನಲ್ಲಿ ಸಿಮೆಂಟ್ ಫ್ಯಾಕ್ಟರಿಗಳು ಬಂದಿದ್ದೂ ಇದೇ ಕಲ್ಲಿಗಾಗಿ. ಗದಗಿನಲ್ಲಿ ಫರಸಿ ಎಂದರೆ ಸಾಕು, ಎಲ್ಲರಿಗೂ ಗೊತ್ತು. ರೈಲು ನಿಲ್ದಾಣ, ಶಾಲೆ, ಗುಡಿ, ಬಚ್ಚಲು, ಎಲ್ಲೆಲ್ಲೂ ಇರುವ ಬೂದಿಬಣ್ಣದ ಕಲ್ಲು. ಎಲ್ಲೆಲ್ಲೂ ಇದೆ ಎನ್ನುವುದೇ ನನಗೆ ಅದರ ದೋಷವಾಗಿ ಕಂಡಿತ್ತು. ಬಚ್ಚಲಿನ ಕಲ್ಲನ್ನು ಯಾರಾದರೂ ಮನೆಯೊಳಗೆ ಹಾಕಿಸುತ್ತಾರಾ ಎಂದು ನಮ್ಮವರ ಹತ್ತಿರ ಜಗಳ ಕಾಯ್ದಿದ್ದೇನೆ.

2024ರ ಜನವರಿಯಲ್ಲಿ ಕೊನೆಗೂ ಪಡಸಾಲೆ ಮುಗಿಸುವುದು ಎಂದಾಯಿತು. ಈ ಸಲ ಬಾಯಿಮಾತು ಬೇಡ, ಪರೀಕ್ಷೆ ಮಾಡಿಯೇ ನೋಡೋಣ ಎಂದೆ. ಉಳಿದ ಒಂದು ಟೈಲ್, ಒಂದು ಪಾಲಿಶ್ ಇಲ್ಲದ ಶಹಾಬಾದಿ ತುಂಡು, ಮಂಚದ ಕೆಳಗಿನ ಕೆಂಪು ಮೂಲೆ. ಮೂರರ ಮೇಲೂ ಅರಿಸಿನ, ಶೇಂಗಾ ಎಣ್ಣೆ, ನಿಂಬೆಹುಳಿ ಹಾಕಿ ಒಂದು ರಾತ್ರಿ ಬಿಟ್ಟೆ. ಅತ್ತೆ ನೋಡಿ, "ಏನವಾ, ನೆಲಕ್ಕ ಉಪ್ಪಿನಕಾಯಿ ಹಾಕಾಕ ಹತ್ತೀಯೇನ?" ಎಂದರು.

ಬೆಳಿಗ್ಗೆ ನೋಡಿದರೆ ಟೈಲಿಗೆ ಏನೂ ಆಗಿರಲಿಲ್ಲ. ಗಾಜಿನ ಲೋಟದ ಹಾಗೆ ತೊಳೆದುಕೊಂಡಿತು. ಕೆಂಪು ನೆಲ ಅರಿಸಿನವನ್ನು ತೋರಿಸಲೇ ಇಲ್ಲ, ಎಣ್ಣೆಗೆ ಇನ್ನಷ್ಟು ಹೊಳೆಯಿತು. ನಿಂಬೆಹುಳಿ ಬಿದ್ದಲ್ಲಿ ಮಾತ್ರ ಮಂಕಾಯಿತು. ಸಿಮೆಂಟಿಗೂ ಹುಳಿಗೂ ಆಗುವುದಿಲ್ಲವಲ್ಲ. ಶಹಾಬಾದಿ ಎಲ್ಲದರಲ್ಲೂ ಸೋತಿತು. ಎಣ್ಣೆ ಕಪ್ಪಾಗಿ ಇಳಿದಿತ್ತು, ಅರಿಸಿನ ಹಿಡಿದಿತ್ತು. ನಿಂಬೆಹುಳಿ ಬಿದ್ದ ಕಡೆ ಬಿಳಿ ಮಚ್ಚೆ. ಸುಣ್ಣದ ಕಲ್ಲನ್ನು ಹುಳಿ ತಿನ್ನುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಇದರ ಹತ್ತಿರವೂ ತರಬಾರದು. ಆಮೇಲೆ ಅತ್ತೆಯ ಕುಟ್ಟಾಣಿಯನ್ನು ಸೊಂಟದ ಎತ್ತರದಿಂದ ಬೀಳಿಸಿದೆ. ಟೈಲ್ ನಡುವೆಯೇ ಬಿರಿಯಿತು. ಶಹಾಬಾದಿಯ ಅಂಚಿನಲ್ಲಿ ಒಂದು ಚೂರು ಹಾರಿತು. ಕೆಂಪು ನೆಲದ ಮೇಲೆ ಕೈ ಬರಲಿಲ್ಲ, ಅಲ್ಲಿ ಬೀಳಿಸಲೇ ಇಲ್ಲ. ಪಕ್ಷಪಾತ ಎಂದು ಮೊದಲೇ ಹೇಳಿದ್ದೇನಲ್ಲ.

ತಂಪಿನ ಲೆಕ್ಕದಲ್ಲಿ ಕೆಂಪು ನೆಲಕ್ಕೇ ನನ್ನ ಮೊದಲ ಮತ. ಆದರೆ ವರಾಂಡಕ್ಕೆ ಸಂಜೆ ಬಿಸಿಲು ಬೀಳುತ್ತದೆ, ಅಡುಗೆಮನೆಯಲ್ಲಿ ಒಲೆ ಇದೆ. ಸರಿಯಾದ ಪಂದ್ಯ ಆಗಿರಲಿಲ್ಲ ಅದು.

ಹೀಗೆ ನೋಡಿದರೆ ಟೈಲ್ಸೇ ಗೆಲ್ಲಬೇಕಿತ್ತು. ಅಂಗಡಿಗೂ ಹೋಗಿಬಂದೆವು. ಅಷ್ಟರಲ್ಲಿ ಪಡಸಾಲೆ ಅಳತೆಗೆ ಬಂದ ಗೌಂಡಿ ಜಮಖಾನೆ ಎತ್ತಿ, ಬಿರುಕು ನೋಡಿ, ಉಳಿದ ಕೋಣೆಗಳನ್ನೂ ತೋರಿಸಿ ಎಂದ. ಅಡುಗೆಮನೆಯಲ್ಲಿ ಕರಣೆಯ ಹಿಡಿಕೆಯಿಂದ ಟೈಲ್ಸ್ ತಟ್ಟುತ್ತ ಹೋದ. ಅರ್ಧಕ್ಕರ್ಧ ಡಬ್ ಡಬ್ ಎಂದವು. ಕೋಣೆಯ ಕೆಂಪು ನೆಲದ ಮೇಲೆ ಕೂತು, ಬಚ್ಚಲ ಗೋಡೆಯಿಂದ ಹೊರಟ ಕೂದಲೆಳೆಯ ಬಿರುಕಿನ ಮೇಲೆ ಬೆರಳಾಡಿಸಿದ. ಆ ಬಿರುಕಿನ ಮಾತನ್ನು ನಾನು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ.

"ಅಕ್ಕಾರ, ಮ್ಯಾಲ ಏನ್ ಹಾಕಿದ್ರೂ ಅಷ್ಟ ರೀ. ಕೆಳಗ ಎರಿ ಐತಿ" ಎಂದ.

ಎರೆಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಗುಣ ಇಲ್ಲಿ ಹೊಲ ಇದ್ದವರಿಗೆಲ್ಲ ಗೊತ್ತು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಕಣ್ಣಾರೆ ಕಾಣುವುದು ಮನೆಯ ನೆಲದಡಿ ಕಾಣುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣದ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತಲ್ಲ, ಆ ಮಳೆಗಾಲದಲ್ಲಿ ನಮ್ಮ ಗೋಡೆ ಪಕ್ಕದಲ್ಲೂ ವಾರಗಟ್ಟಲೆ ನೀರು ನಿಂತಿತ್ತು. ಬಚ್ಚಲ ಪೈಪು ಬೇರೆ ಒಳಗೊಳಗೇ ಸೋರುತ್ತಿತ್ತು. ಮುಂದಿನ ಬೇಸಿಗೆಗೆ ನನ್ನ ಕೆಂಪು ನೆಲ ಬಿರುಕು ಬಿಟ್ಟಿತು. ಮೇಸ್ತ್ರಿಯದೇನೂ ತಪ್ಪಿಲ್ಲ. ನಾವು ಅವರಿಗೆ ಕೊಟ್ಟಿದ್ದು ಹಳೇ ನೆಲ ಒಡೆದು, ಮೇಲಿಷ್ಟು ಮರಳು ಹರಡಿದ ಜಾಗ.

ಆಗ ನನ್ನ ಹೋಲಿಕೆಯೇ ಬದಲಾಯಿತು. ಒಂದೇ ಎರೆ ಮೂರೂ ನೆಲಗಳನ್ನು ಅಲುಗಾಡಿಸಿದೆ. ಅಲುಗಿದ ಮೇಲೆ ಯಾವುದು ಏನಾಯಿತು?

ಟೈಲ್ಸಿನ ಒಂದು ಸಾಲು 2022ರ ಬೇಸಿಗೆಯ ಒಂದು ಮಧ್ಯಾಹ್ನ ಫಟ್ ಎಂದು ಎದ್ದು ಡೇರೆಯ ಹಾಗೆ ನಿಂತಿತ್ತು. ಕುಕ್ಕರ್ ಸಿಡಿಯಿತೇನೋ ಎಂದು ಓಡಿದ್ದೆ. ಸಂದಿ ಸಾಕಷ್ಟು ಬಿಡದೆ ಒತ್ತೊತ್ತಾಗಿ ಕೂರಿಸಿದ್ದರು, ಹಿಗ್ಗಲು ಜಾಗವೇ ಇರಲಿಲ್ಲ. ವಿಟ್ರಿಫೈಡ್ ಟೈಲ್ ನೀರು ಹೀರುವುದು ನೂರಕ್ಕೆ ಅರ್ಧ ಭಾಗವೂ ಇಲ್ಲ. ಹಾಗಾಗಿ ಬರೀ ಸಿಮೆಂಟ್ ಹಾಲು ಅದರ ಬೆನ್ನಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಟೈಲ್ ಅಂಟೇ ಬೇಕು. ನಮ್ಮಲ್ಲಿ ಹಾಕಿದ್ದು ಸಿಮೆಂಟ್. ಎದ್ದ ಸಾಲಿನಲ್ಲಿ ನಾಲ್ಕು ಒಡೆದವು. ಅದೇ ಡಿಸೈನ್ ಕೇಳಿದರೆ ನಿಂತುಹೋಗಿ ಮೂರು ವರ್ಷವಾಯಿತು ಎಂದರು. ಈಗ ಹಾಲುಬಣ್ಣದ ನಡುವೆ ನಾಲ್ಕು ಬೆಣ್ಣೆಬಣ್ಣದವು ಕೂತಿವೆ.

ಕೆಂಪು ನೆಲದ ಬಿರುಕಿಗೆ ಮದ್ದೇ ಇಲ್ಲ. ತುಂಬಿಸಿದರೆ ಹೊಸ ಕೆಂಪು ಹಳೇ ಕೆಂಪಿಗೆ ಕೂಡುವುದಿಲ್ಲ, ಬಿರುಕಿಗಿಂತ ತೇಪೆಯೇ ಎದ್ದು ಕಾಣುತ್ತದೆ. ನಡುವೆ ಗಾಜಿನ ಪಟ್ಟಿ ಕೊಟ್ಟು ಚೌಕ ಚೌಕವಾಗಿ ಹಾಕಿಸಿದ್ದರೆ ಬಿರುಕು ಪಟ್ಟಿಯ ಗುಂಟ ಅಡಗುತ್ತಿತ್ತೇನೋ. ಮೇಸ್ತ್ರಿ ಹೇಳಿಯೂ ಇದ್ದರು. ತವರಿನಲ್ಲಿ ಪಟ್ಟಿ ಇರಲಿಲ್ಲ, ಇಲ್ಲೂ ಬೇಡ ಎಂದವಳು ನಾನೇ.

ವರಾಂಡದಲ್ಲೂ ಎರಡು ಕಲ್ಲು ಎದ್ದಿದ್ದವು. ನನಗೆ ಮರೆತೇ ಹೋಗಿತ್ತು, ಯಾಕೆಂದರೆ ಅದೊಂದು ಸುದ್ದಿಯೇ ಆಗಿರಲಿಲ್ಲ. ಒಬ್ಬ ಗೌಂಡಿ ಬಂದು, ಹಾರೆಯಿಂದ ಎಬ್ಬಿಸಿ, ಕೆಳಗೆ ಸರಿಮಾಡಿ, ಅವೇ ಕಲ್ಲನ್ನು ಅಲ್ಲೇ ಕೂರಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೊರಟಿದ್ದ.

ಅಲ್ಲಿಗೆ ತೀರ್ಮಾನವಾಯಿತು. ಪಡಸಾಲೆಗೆ ಶಹಾಬಾದಿ. ನಮ್ಮವರು ಏನೂ ಹೇಳಲಿಲ್ಲ. ಆದರೆ ಆ ದಿನವಿಡೀ ಸುಮ್ನೆ ನಗುತ್ತ ಓಡಾಡಿದರು, ನನಗೆ ಅದಕ್ಕೇ ಸಿಟ್ಟು.

ಈ ಸಲ ಕೆಳಗಿನಿಂದ ಶುರು ಮಾಡಿದೆವು. ಮೊದಲು ಬಚ್ಚಲ ಪೈಪು ಬದಲಿಸಿದ್ದಾಯಿತು. ಆಮೇಲೆ ಗೋಡೆಯ ಹೊರಗೆ ಸುತ್ತಲೂ ಮೂರಡಿ ಕಾಂಕ್ರೀಟ್ ಇಳಿಜಾರು, ಮಳೆನೀರು ಪಾಯದತ್ತ ಬರದ ಹಾಗೆ. ಪಾಯ ನಾಲ್ಕೂವರೆ ಅಡಿ ಆಳ ಇದೆ ಎಂದು ಹೊರಗೆ ತೋಡಿ ನೋಡಿಕೊಂಡ ಮೇಲೆ, ಪಡಸಾಲೆಯಲ್ಲಿ ಎರಡೂವರೆ ಅಡಿ ಎರೆ ತೆಗೆಸಿದೆವು. ಏಳು ಟ್ರಾಕ್ಟರ್ ಮಣ್ಣು ಹೋಯಿತು, ಹೆಚ್ಚುಕಡಿಮೆ ಅಷ್ಟೇ ಗರಸು, ಅಂದರೆ ಕಲ್ಲುಹರಳಿನ ಮಣ್ಣು, ಬಂತು. ಅರ್ಧ ಅಡಿಗೊಮ್ಮೆ ನೀರು ಹೊಡೆದು ದಮ್ಮಸು. ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಹನ್ನೆರಡು ಅಡಿಗೆ ಹದಿನೆಂಟು ಅಡಿಯ ಪಡಸಾಲೆಗೆ, ಕಣ್ಣಿಗೆ ಕಾಣದ ಈ ಕೆಲಸಕ್ಕೇ ಸುಮಾರು 48 ಸಾವಿರ ಆಯಿತು. ಕಾಣುವ ಕಲ್ಲು, ಕೂರಿಸಿದ ಕೂಲಿ, ಪಾಲಿಶ್ ಎಲ್ಲ ಸೇರಿ ಅದರ ಅರ್ಧವೂ ಆಗಲಿಲ್ಲ.

ಕಲ್ಲು ಆರಿಸಲು ನಾನೇ ಹೋಗಿದ್ದೆ. ಅಂಚಿನಲ್ಲಿ ಪದರ ಕಂಡ ಕಲ್ಲು ಬೇಡ, ಅದು ಮುಂದೆ ಹಪ್ಪಳದ ಹಾಗೆ ಏಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಮನೆಯೊಳಗೆ ಹಾಕುವುದಾದರೆ ಮಷೀನ್ ಕಟ್ ಕಲ್ಲೇ ಒಳ್ಳೆಯದು, ಸಂದಿ ಸಣ್ಣದಾಗಿ ಕೂರುತ್ತದೆ. ಪಾಲಿಶ್ ಮಾಡಿಸದೆ ಮಾತ್ರ ಬಿಡಬೇಡಿ. ನನ್ನ ಪರೀಕ್ಷೆಯಲ್ಲಿ ಸೋತಿದ್ದು ಪಾಲಿಶ್ ಇಲ್ಲದ ತುಂಡು. ಪಾಲಿಶ್ ಆದ ಮೇಲೆ ಅರಿಸಿನ, ಎಣ್ಣೆ ಹೊತ್ತಿಗೆ ಸರಿಯಾಗಿ ಒರೆಸಿದರೆ ಹೋಗುತ್ತವೆ. ನಿಂಬೆಹುಳಿಗೆ ಈಗಲೂ ಅದು ಹೆದರುತ್ತದೆ. ಪಾಲಿಶ್ ಮಾಡುವಾಗ ಬೂದುಗೆಸರು ಗೋಡೆಯ ಮೇಲೆ ಮೊಳಕಾಲೆತ್ತರ ಸಿಡಿಯುತ್ತದೆ, ಹಾಗಾಗಿ ಗೋಡೆಗೆ ಬಣ್ಣ ಆಮೇಲೆ. ನಾವು ಮೊದಲೇ ಬಳಿಸಿದ್ದೆವು!

ಮೂರು ಸುತ್ತು ಪಾಲಿಶ್ ಆಗಿ, ಕೆಸರು ತೊಳೆದು ನೋಡಿದರೆ ಆ ಬೂದಿಬಣ್ಣದ ಒಳಗೆ ನೀಲಿ ಇತ್ತು. ಮಳೆ ಬರುವ ಮುಂಚಿನ ಮುಗಿಲಿನ ಹಾಗೆ. ಬಚ್ಚಲಿನ ಕಲ್ಲು ಅನ್ನುವ ಮಾತನ್ನು ನಾನು ಮತ್ತೆ ಆಡಿಲ್ಲ.

ಕೆಂಪನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಪಡಸಾಲೆಯ ಕಿಟಕಿ ಕೆಳಗೆ ಆರಡಿ ಉದ್ದದ ಕಟ್ಟೆ ಕಟ್ಟಿಸಿ, ಅದಕ್ಕೆ ರೆಡ್ ಆಕ್ಸೈಡ್ ಹಾಕಿಸಿದೆ. ಸಣ್ಣ ಜಾಗ, ನಡುವೆ ಒಂದು ಗಾಜಿನ ಪಟ್ಟಿ. ಊರಿನ ಮೇಸ್ತ್ರಿ ಬರುವ ಸ್ಥಿತಿಯಲ್ಲಿರಲಿಲ್ಲ. ಫೋನಿನಲ್ಲಿ ಹೇಳುತ್ತ ಹೋದರು, ಇಲ್ಲಿನ ಗೌಂಡಿ ಮಾಡುತ್ತ ಹೋದ. ಒಂದು ಮೂಲೆಯಲ್ಲಿ ಬಣ್ಣ ತುಸು ತೆಳು. ಅತ್ತೆ ಮಧ್ಯಾಹ್ನ ಅಡಿಕೆ ಕುಟ್ಟಲು ಅಲ್ಲೇ ಕೂರುತ್ತಾರೆ, ಕುಟ್ಟಾಣಿಯ ಕೆಳಗೊಂದು ಬಟ್ಟೆ ಹಾಕಿಕೊಂಡು.

ಜಮಖಾನೆಯನ್ನು ಝಾಡಿಸಿ ಬಿಸಿಲಿಗೆ ಹಾಕಿದ ದಿನ ಅದರ ಬೆನ್ನು ನೋಡಿದೆ. ಪಗಡೆ ಮನೆಗಳ ನಡುವೆ ಓರೆಯಾಗಿ ಒಂದು ಸವೆದ ಗೆರೆ. ಬಾಗಿಲಿನಿಂದ ದೇವರಮನೆ ತನಕ, ಬಿರುಕು ಹೋದ ದಾರಿಯೇ. ಬಿಚ್ಚಿದ ನೂಲನ್ನು ಒಳಗೆ ಹೊಲಿದು, ಮಡಚಿ, ಟ್ರಂಕಿನಲ್ಲಿ ಇಟ್ಟಿದ್ದೇನೆ. ಯಾರಾದರೂ ಬಂದಾಗ ಹಾಸು ಅನ್ನುತ್ತಾರೆ ಅತ್ತೆ. ಈಗ ಬೇಡ ಅಂತೀನಿ.